ಮಗಳಿಗೊಂದು ಪತ್ರ: ನೀನಿರುವ ರೇಡಿಯೋ ಕಾರ್ಖಾನೆ

ಶಿರಸಿ

ಪ್ರೀತಿಯ ಕೂಸಿಗೆ,

ಅಪ್ಪನ ಆಶೀರ್ವಾದ. ನಿನ್ನ ಹೊಸ ಮನೆಯ ಫೋಟೋ ನೋಡಿ ಆಯಿ, "ಇದೆಂಥ ಮನೆ, ಗೋದಾಮಿದ್ದ ಹಾಗಿದೆ" ಅಂದಳು. ಅವಳು ಹೇಳಿದ್ದು ಹೆಚ್ಚುಕಮ್ಮಿ ಸರಿಯೇ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನ ಸ್ಟ್ರೈಪ್-ಎಸ್ ಅಂದರೆ ಫಿಲಿಪ್ಸ್‌ನವರ ಹಳೆಯ ಕಾರ್ಖಾನೆ ಜಾಗ. ನನ್ನ ಅರ್ಧ ಆಯುಷ್ಯ ಆ ಕಂಪನಿಯ ರೇಡಿಯೋ ಬಿಚ್ಚಿ ಜೋಡಿಸುವುದರಲ್ಲೇ ಹೋಯಿತು. ನೀನು ಹೋಗಿ ಅಲ್ಲೇ ಬಾಡಿಗೆಗಿದ್ದರೆ ನಾನು ಸುಮ್ನೆ ಇರುವುದು ಹೇಗೆ?

ಅಷ್ಟು ದೊಡ್ಡ ಕಿಟಕಿ ಯಾಕೆ ಅಂತ ಕೇಳಿದ್ದೆಯಲ್ಲ. ಅದು ಚಂದಕ್ಕೆ ಇಟ್ಟಿದ್ದಲ್ಲ ಮಾರಾಯ್ತಿ. ಸಣ್ಣ ಸಣ್ಣ ತಂತಿ ಬೆಸೆಯುವ ಕೆಲಸಕ್ಕೆ ಬೆಳಕು ಬೇಕು. ಯಂತ್ರದ ಭಾರ ತಡೆಯಲು ದಪ್ಪ ಕಾಂಕ್ರೀಟು ಕಂಬ, ನಡುವೆ ಗೋಡೆಯೇ ಇಲ್ಲ. ಹಾಗಾಗಿಯೇ ಈಗ ಅದನ್ನು ಮನೆ ಮಾಡುವುದು ಸುಲಭವಾಯಿತು. ಆ ಸಾಲಿನ ಎರಡು ಕಟ್ಟಡಕ್ಕೆ ಆಂಟನ್, ಗೆರಾರ್ಡ್ ಅಂತ ಹೆಸರು. ಕಂಪನಿ ಬೆಳೆಸಿದ ಅಣ್ಣತಮ್ಮಂದಿರು ಅವರು.

1891ರಲ್ಲಿ ಕಂಪನಿಯವರು ಶುರು ಮಾಡಿದ್ದು ಬಲ್ಬು. ರೇಡಿಯೋಗೂ ಬಲ್ಬಿಗೂ ಏನು ಸಂಬಂಧ ಅನ್ನಬೇಡ. ನಮ್ಮ ಅಂಗಡಿಯಲ್ಲಿ ನೀನು ಆಡುತ್ತಿದ್ದ, ರೇಡಿಯೋದೊಳಗೆ ದನಿ ಹಿಗ್ಗಿಸುವ ವಾಲ್ವು ನೆನಪುಂಟಾ? ಅದೂ ಬಲ್ಬಿನ ಜಾತಿಯೇ. ಗಾಜಿನ ಬುರುಡೆ, ಒಳಗಿನ ಗಾಳಿಯೆಲ್ಲ ತೆಗೆದದ್ದು, ನಡುವೆ ಕೆಂಪಗೆ ಕಾಯುವ ತಂತಿ. ಅದರ ಸುತ್ತ ಒಂದೆರಡು ಜಾಳಿಗೆ, ಒಂದು ತಗಡು. ಬಲ್ಬು ಮಾಡುವ ಕೈಗೆ ಅದೇನು ಕಷ್ಟದ್ದಲ್ಲ. 1927ರಲ್ಲಿ ಅವರ ಮೊದಲ ರೇಡಿಯೋ ಬಂತು. 1932ರ ಹೊತ್ತಿಗೆ ಹತ್ತು ಲಕ್ಷ ಮಾರಿಯಾಗಿತ್ತು! 1927ರಲ್ಲೇ ಅವರ ಪ್ರಯೋಗಾಲಯದವರು ದೂರಕ್ಕೆ ಮುಟ್ಟುವ ಶಾರ್ಟ್‌ವೇವ್‌ನಲ್ಲಿ ಕಳಿಸಿದ ದನಿ ಆಗ ಡಚ್ಚರ ಕೈಯಲ್ಲಿದ್ದ ಇಂಡೋನೇಷ್ಯಾದವರೆಗೆ ಕೇಳಿಸಿತು. ನಮ್ಮ ಕಣಿವೆಯ ಮನೆಗಳಿಗೆ ಸಿಲೋನ್ ರೇಡಿಯೋ ಬರುತ್ತಿದ್ದದ್ದೂ ಶಾರ್ಟ್‌ವೇವ್‌ನಲ್ಲೇ ಅಲ್ವಾ.

ಐನ್‌ಸ್ಟೈನ್ 1923ರಲ್ಲಿ ನೋಡಿಹೋದ ಆ ಪ್ರಯೋಗಾಲಯದಲ್ಲಿ ಈಗ ಸಿನಿಮಾ ತೋರಿಸುತ್ತಾರೆ. ಗಡಿಯಾರದ ಕಟ್ಟಡದಲ್ಲಿ ಸಂಗೀತ, ಪ್ರದರ್ಶನ. ಒಂದು ಕಾಲಕ್ಕೆ ಪಾಸಿಲ್ಲದವರನ್ನು ಒಳಗೇ ಬಿಡುತ್ತಿರಲಿಲ್ಲ, ಊರವರು ಅದನ್ನು 'ನಿಷಿದ್ಧ ನಗರ' ಅನ್ನುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶ ಹಿಡಿದಿದ್ದ ಜರ್ಮನರಿಗೆ ವಾಲ್ವು ಸಿಗಬಾರದು ಅಂತ 1942ರ ಡಿಸೆಂಬರ್ 6ರಂದು ಬ್ರಿಟಿಷರು ಅಲ್ಲಿ ಬಾಂಬು ಹಾಕಿದರು. ಕೆಲಸಗಾರರು ಕಡಿಮೆ ಇರಲಿ ಅಂತ ಭಾನುವಾರ ನೋಡಿಕೊಂಡೇ ಬಂದಿದ್ದರು. ಆದರೂ ಊರಿನ ನೂರಕ್ಕೂ ಜಾಸ್ತಿ ಜನ ಸತ್ತರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೀದಿಯ ಮೇಲೆ ಹಾಗೇ ಬಿಟ್ಟಿರುವ ಪೈಪುಗಳ ಸಾಲು. ಅದನ್ನು ಗುಜರಿಗೆ ಹಾಕಿದ್ದರೆ ಇಲ್ಲೊಂದು ಕೆಲಸ ನಡೆಯುತ್ತಿತ್ತು ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಕಟ್ಟಡ ಉಳಿಸಿದ್ದು ಒಳ್ಳೆಯದೇ. ಆದರೆ ಕಾಫಿ ಅಂಗಡಿ ಅಷ್ಟೊಂದು ಇರುವಲ್ಲಿ ಒಬ್ಬ ರಿಪೇರಿಯವನಿಗೆ ಒಂದು ಮೂಲೆ ಬಿಟ್ಟುಕೊಟ್ಟಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು. ಮೈತುಂಬ ಮರ ಹೊತ್ತ ಹೊಸ ಗೋಪುರ 2021ರಲ್ಲಿ ಎದ್ದಿತಲ್ಲ, ಸೊಪ್ಪಿನಬೆಟ್ಟ ನೋಡಿ ಬೆಳೆದ ನಿನಗೆ ಅದು ನಗು ತರಿಸೀತು. ಕಡಿಮೆ ಸಂಬಳದವರಿಗೆ ಕಡಿಮೆ ಬಾಡಿಗೆಗೆ ಕೊಡಲಿಕ್ಕೇ ಕಟ್ಟಿದ್ದಂತೆ. ಅದಕ್ಕಾಗಿ ನಗಬೇಡ.

ಮಾರಿಕಾಂಬಾ ಜಾತ್ರೆಗೆ ಬರುವಾಗ ನನಗೊಂದು ಉಪಕಾರ ಮಾಡು. ಯಲ್ಲಾಪುರ ಕಡೆಯ ಒಂದು ಮನೆಯ ರೇಡಿಯೋ ಇಎಲ್ 84 ವಾಲ್ವು ಇಲ್ಲದೆ ಕೂತಿದೆ. ಅಲ್ಲಿ ಹಳೆಸಾಮಾನಿನ ಸಂತೆಯಲ್ಲಿ ಸಿಗಬಹುದು. ಕೊಳ್ಳುವ ಮೊದಲು ಗಾಜಿನ ನೆತ್ತಿ ನೋಡು. ಅಲ್ಲಿ ಬೆಳ್ಳಿಯ ಹಾಗೆ ಹೊಳಪಿದ್ದರೆ ಸರಿ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ ಅಂತ, ಪುಕ್ಕಟೆ ಕೊಟ್ಟರೂ ಬೇಡ. ಲಗೇಜಿಗೆ ಹಾಕಬೇಡ, ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ತಾ.

ನಿನ್ನ
ಅಪ್ಪ