ಬಡ್ತಿ ಅರ್ಜಿ: ಶನಿವಾರದೊಳಗೆ ಫೈಲ್ ಕೊಡಿ

ಎಲ್ಲರಿಗೂ ನಮಸ್ಕಾರ. ಅಸೋಸಿಯೇಟ್‌ನಿಂದ ಪ್ರೊಫೆಸರ್ ಹುದ್ದೆಗೆ ಸಿಎಎಸ್ (ವೃತ್ತಿ ಬಡ್ತಿ ಯೋಜನೆ) ಅರ್ಜಿ ಹಾಕುವ ಭೌತಶಾಸ್ತ್ರ ವಿಭಾಗದವರಿಗೆ ಈ ಸೂಚನೆ. ಫೈಲ್‌ನ ಕರಡು ಶನಿವಾರ ಮಧ್ಯಾಹ್ನ 1ರೊಳಗೆ ವಿಭಾಗದ ಕಚೇರಿಗೆ ಬರಲಿ.

ಯುಜಿಸಿ 2018ರ ನಿಯಮದಂತೆ ಬೇಕಾದದ್ದು: ಲೆವೆಲ್ 13ಎ-ಯಲ್ಲಿ (ಅಸೋಸಿಯೇಟ್ ಪ್ರೊಫೆಸರ್ ವೇತನ ಹಂತ) 3 ವರ್ಷ ಸೇವೆ, ಒಟ್ಟು 10 ಪ್ರಬಂಧ (ಅದರಲ್ಲಿ 3 ಮೌಲ್ಯಮಾಪನದ ಅವಧಿಯವು), ಒಬ್ಬರಿಗಾದರೂ ಪಿಎಚ್‌ಡಿ ಮಾರ್ಗದರ್ಶನ ಮಾಡಿದ ದಾಖಲೆ, 110 ಸಂಶೋಧನಾ ಅಂಕ.

ಎಡವುವುದು ಅಂಕದ ಲೆಕ್ಕದಲ್ಲೇ. ಪ್ರಬಂಧಕ್ಕೆ ಇಬ್ಬರೇ ಲೇಖಕರಿದ್ದರೆ ಅದರ ಅಂಕದಲ್ಲಿ ತಲಾ ಶೇ. 70. ಮೂವರು ಅಥವಾ ಹೆಚ್ಚಿದ್ದರೆ ಮೊದಲ ಅಥವಾ ಕರೆಸ್ಪಾಂಡಿಂಗ್ (ಪತ್ರವ್ಯವಹಾರದ ಹೊಣೆ ಹೊತ್ತ) ಲೇಖಕರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಆ 30ನ್ನು ಎಲ್ಲರೂ ಹಂಚಿಕೊಳ್ಳಬೇಕೆಂದು ತಿಳಿದು ಕಡಿಮೆ ಬರೆದುಕೊಳ್ಳಬೇಡಿ, ಸುಮ್ಮನೆ ನಷ್ಟ. ದೊಡ್ಡ ಕೊಲಾಬರೇಷನ್ ಪ್ರಬಂಧದಲ್ಲಿ ಹೆಸರು ಅಕಾರಾದಿಯಾಗಿದ್ದು ನಿಮ್ಮದೇ ಮೊದಲು ಬಂದಿದ್ದರೆ, 70 ಹಾಕುವ ಮೊದಲು ನನ್ನನ್ನು ಕೇಳಿ. ಸಮಿತಿ ಅಲ್ಲೇ ಹಿಡಿಯುತ್ತದೆ.

ನೀವು ಮಾರ್ಗದರ್ಶನ ಮಾಡಿದ ವಿದ್ಯಾರ್ಥಿಗೆ ಪಿಎಚ್‌ಡಿ ಪದವಿ ಸಿಕ್ಕಿದ್ದರೆ 10 ಅಂಕ, ಮಹಾಪ್ರಬಂಧ ಸಲ್ಲಿಸಿದ್ದಷ್ಟೇ ಆಗಿದ್ದರೆ 5. ಪದವಿಯ ಅಧಿಸೂಚನೆ ಲಗತ್ತಿಸಿ, ವೈವಾ (ಮೌಖಿಕ ಪರೀಕ್ಷೆ) ಪತ್ರ ಸಾಲದು. ಆರ್ಕೈವ್ (arXiv, ಪ್ರಬಂಧದ ಪ್ರಿಪ್ರಿಂಟ್ ಹಾಕುವ ಜಾಲತಾಣ) ಪ್ರತಿಯನ್ನು ಪ್ರಕಟಣೆಯೆಂದು ತೋರಿಸಬೇಡಿ, ಅದಕ್ಕೆ ಪೀರ್ ರಿವ್ಯೂ (ತಜ್ಞರ ಪರಿಶೀಲನೆ) ಇಲ್ಲ.

ಪ್ರತಿ ಪ್ರಬಂಧದ ಮೊದಲ ಪುಟ, ಡಿಒಐ (ಪ್ರಬಂಧದ ಡಿಜಿಟಲ್ ಗುರುತು ಸಂಖ್ಯೆ), ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಉಲ್ಲೇಖ ಸೂಚ್ಯಂಕ) ಮುದ್ರಿತ ಪ್ರತಿ ಈ ಕ್ರಮದಲ್ಲೇ ಇರಲಿ. ಪಿಡಿಎಫ್ ಒಂದೇ ಮಾಡಿ. 40 ಬಿಡಿ ಫೋಟೊ ಕಳಿಸಿದರೆ ತೆರೆಯುವವರು ಯಾರೂ ಇಲ್ಲ.

ಅರ್ಜಿ ಹಾಕುವವರು ಇವತ್ತು ಸಂಜೆಯೊಳಗೆ "ಹೌದು" ಅಂತ ಬರೆದು, ಮೇಲೆ ಹೇಳಿದ 3 ವರ್ಷದ ಸೇವಾ ಅವಧಿ ಮುಗಿಯುವ ದಿನಾಂಕವನ್ನೂ ತಿಳಿಸಿ.