ಎಡಿಟಿಂಗ್ ಕೋಣೆಯ ಗೋಡೆಗೆ ಚೀಟಿ ಅಂಟಿಸಿದವರಿಗೆ

ಹೆಸರು ಬರೆಯದೆ ಆ ಚೀಟಿ ಅಂಟಿಸಿ ಹೋದವರಿಗೆ ಸಿನಿಮಾ ವಿಭಾಗದ ವಿದ್ಯಾರ್ಥಿಗಳೆಲ್ಲರ ಧನ್ಯವಾದ. ಸಿದ್ಧಾಂತದ ಪಾಠದಲ್ಲಿ ಸಿಗದ ಸಂಗತಿಗಳನ್ನೇ ಆರಿಸಿ ಬರೆದಿದ್ದೀರಿ. ಸೆಕೆಂಡಿಗೆ 24 ಫ್ರೇಮ್ ಇಟ್ಟರೆ ಶಟರ್, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಸಮಯ, 1/48 ಸೆಕೆಂಡಿನ ಆಸುಪಾಸಿನಲ್ಲಿರಲಿ. 1/200ಕ್ಕೆ ಏರಿಸಿದರೆ ಓಡುವ ಕಾಲುಗಳು ತುಂಡುತುಂಡಾಗಿ ಕಾಣುತ್ತವೆ. ಬೆಳಕು ಹೆಚ್ಚಾದರೆ ಶಟರ್ ಮುಟ್ಟದೆ, ಲೆನ್ಸ್‌ಗೆ ಬರುವ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು.

ಎಲ್ಲಕ್ಕಿಂತ ಉಪಕಾರವಾದದ್ದು ಸದ್ದಿನ ಬಗ್ಗೆ ಬರೆದ ಸಾಲು. ಶಾಟ್ ಮುಗಿದ ಮೇಲೆ ಯಾರೂ ಕದಲದೆ, ಅದೇ ಮೈಕ್, ಅದೇ ಲೆವೆಲ್‌ನಲ್ಲಿ ಕೋಣೆಯ ಬರೀ ಸದ್ದನ್ನು 30 ಸೆಕೆಂಡಾದರೂ ರೆಕಾರ್ಡ್ ಮಾಡಬೇಕು. ಎಡಿಟಿಂಗ್‌ನಲ್ಲಿ ಎರಡು ಮಾತುಗಳ ನಡುವೆ ಕತ್ತರಿಸಿದಲ್ಲಿ ತುಂಬಲು ಅದು ಇಲ್ಲದಿದ್ದರೆ, ಹಿನ್ನೆಲೆಯ ಗುಂಯ್ ಸದ್ದು ಥಟ್ಟನೆ ನಿಂತು, ಕಿವಿಗೆ ಗುಂಡಿ ಬಿದ್ದಂತಾಗುತ್ತದೆ. ಜನ ಎದ್ದುಹೋದ ಮೇಲೆ ಹಿಡಿದದ್ದು ಸರಿಯಾಗಿ ಹೊಂದುವುದಿಲ್ಲ. ಮೈ, ಬಟ್ಟೆಗಳೂ ಸದ್ದು ಹೀರುತ್ತವಲ್ಲ! ಊಟಕ್ಕೆ ಹೊರಟ ತಂಡವನ್ನು ಅರ್ಧ ನಿಮಿಷ ನಿಲ್ಲಿಸುವುದು ಹೇಗೆಂದು ಮಾತ್ರ ನೀವು ಬರೆದಿಲ್ಲ.

ಕೊನೆಯಲ್ಲಿ ಕೊಟ್ಟ ಅಭ್ಯಾಸಕ್ಕೆ ಬೇರೆಯೇ ನಮಸ್ಕಾರ. ಯಾವುದಾದರೂ ದೃಶ್ಯವನ್ನು ಮೊದಲು ಸದ್ದಿಲ್ಲದೆ ನೋಡಿ ಪ್ರತಿ ಕಟ್‌ನ ಸಮಯ ಗುರುತಿಸಿ, ಆಮೇಲೆ ಚಿತ್ರ ಮುಚ್ಚಿ ಬರೀ ಕೇಳಬೇಕು. ಮುಂದಿನ ದೃಶ್ಯದ ಸದ್ದು ಎಷ್ಟೋ ಸಲ ಕಟ್‌ಗಿಂತ ಮೊದಲೇ ನುಸುಳಿರುವುದು ಆಗ ಗೊತ್ತಾಗುತ್ತದೆ.