ವಿಷಯ: 'ಕೊನೆಯ ಅವಕಾಶ' ಎಂದು ಮಾರಿದ ಸ್ಕಿನ್ ಮರುವಾರವೇ ಕಡಿಮೆ ಬೆಲೆಗೆ ಬಂದ ಬಗ್ಗೆ ದೂರು

ಗೆ,
ಆಟಗಾರರ ಸಹಾಯ ವಿಭಾಗದವರಿಗೆ, ಮತ್ತು ಅವರ ಮೇಲೆ ಯಾರಾದರೂ ಇದ್ದರೆ ಅವರಿಗೆ

ಮಾನ್ಯರೇ,

ಈ ವಿಷಯವಾಗಿ ನಿಮಗೆ ಬರೆಯುತ್ತಿರುವುದು ಇದೇ ಮೊದಲಲ್ಲ. ಟಿಕೆಟ್ ಹಾಕಿದೆ, 'ಪರಿಹರಿಸಲಾಗಿದೆ' ಎಂದು ಮುಚ್ಚಿದಿರಿ. ಮತ್ತೆ ತೆರೆದೆ, ಹಳೆಯ ಉತ್ತರವನ್ನೇ ಮತ್ತೆ ಕಳಿಸಿದಿರಿ. ಫೋನ್ ಮಾಡಿದರೆ ಚಾಟ್‌ಗೆ ಹೋಗಿ ಅಂದರು. ಹೋದೆ. ಅಲ್ಲಿ ನಡೆದ ಮಾತುಕತೆಯಾದ ಮೇಲೆ ಈ ಪತ್ರ ಬರೆಯದೆ ಬೇರೆ ದಾರಿ ಉಳಿಯಲಿಲ್ಲ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತಲೇ ಕೂತಿದ್ದೇನೆ. ನೋಡೋಣ.

ನಡೆದದ್ದು ಇಷ್ಟು. ನಿಮ್ಮ ಆಟದ ಹಬ್ಬದ ಈವೆಂಟ್‌ನ ಕೊನೆಯ ಸಂಜೆ ಒಂದು ಸ್ಕಿನ್, ಅಂದರೆ ನನ್ನ ಪಾತ್ರಕ್ಕೆ ತೊಡಿಸುವ ವೇಷ, ಕೊಂಡೆ. ಬೆಲೆ 1,400 ಜೆಮ್ಸ್, ಅಂದರೆ ದುಡ್ಡು ಕೊಟ್ಟು ಕೊಳ್ಳಬೇಕಾದ ನಿಮ್ಮ ಆಟದ ನಾಣ್ಯ. ಪಕ್ಕದಲ್ಲೇ ಕೆಂಪು ಗಡಿಯಾರ ಓಡುತ್ತಿತ್ತು. ಕೆಳಗೆ 'ಕೊನೆಯ ಅವಕಾಶ, ಮತ್ತೆ ಸಿಗುವುದಿಲ್ಲ' ಎಂದು ಬರೆದಿತ್ತು. ಮರುವಾರ ಅದೇ ಸ್ಕಿನ್ ಅಂಗಡಿಯ ಮೊದಲ ಪುಟಕ್ಕೆ ಬಂತು. ಜೊತೆಗೊಂದು ಕೊಡಲಿ, ಒಂದು ಎಮೋಟ್ (ಪಾತ್ರ ಮಾಡುವ ಕುಣಿತದಂಥ ಅಭಿನಯ). ಎಲ್ಲ ಸೇರಿ 1,200 ಜೆಮ್ಸ್. ಮೇಲೆ 2,800 ಎಂದು ಬರೆದು ಗೀಟು ಹಾಕಿದ್ದಿರಿ. ಆ ಬಂಡಲ್ ಒಂದು ದಿನವಾದರೂ 2,800ಕ್ಕೆ ಮಾರಾಟಕ್ಕಿತ್ತೇ? ಇರಲಿಲ್ಲ. ಅದು ಹುಟ್ಟಿದ್ದೇ ಗೀಟಿನ ಸಮೇತ.

ಸರಿ, ಆ ಕೊಡಲಿಯನ್ನಾದರೂ ತೆಗೆದುಕೊಳ್ಳೋಣ ಅಂದರೆ ಅದನ್ನು ಬಿಡಿಯಾಗಿ ಕೊಡುವುದಿಲ್ಲ. ಸ್ಕಿನ್ ಆಗಲೇ ನನ್ನ ಹತ್ತಿರ ಇದೆ ಅಂತ ನಿಮ್ಮ ಅಂಗಡಿಗೆ ಚೆನ್ನಾಗಿ ಗೊತ್ತು, ಅದರ ಮೇಲೆ 'ನಿಮ್ಮಲ್ಲಿದೆ' ಎಂಬ ಹಸಿರು ಗುರುತನ್ನೂ ಹಾಕುತ್ತದೆ. ಬೆಲೆ ಮಾತ್ರ ಅದೇ 1,200. ಗುರುತು ಹಾಕುವ ಸಾಫ್ಟ್‌ವೇರ್‌ಗೆ ಕಳೆಯುವ ಲೆಕ್ಕ ಬರುವುದಿಲ್ಲ ಅಂತ ಕಾಣುತ್ತೆ.

ನಿಮ್ಮ ರೀಫಂಡ್ ನಿಯಮ ನಿಮಗೆ ಗೊತ್ತಿರುವುದೇ. 14 ದಿನದ ಒಳಗೆ, ವಸ್ತು ಬಳಸಿರಬಾರದು. ನಾನು ಅರ್ಜಿ ಹಾಕಿದ್ದು ಆ ಅವಧಿಯ ಒಳಗೇ. ಬಳಸಿಯೂ ಇರಲಿಲ್ಲ. ನಮ್ಮ ಗಿಲ್ಡ್‌ನ, ಅಂದರೆ ಜೊತೆಗೂಡಿ ಆಡುವ ನಮ್ಮ ಬಳಗದ, ವಾರ್ಷಿಕೋತ್ಸವದ ಮ್ಯಾಚ್‌ಗೆ ತೊಡೋಣ ಅಂತ ಇಟ್ಟುಕೊಂಡಿದ್ದೆ. ಆದರೂ ಅರ್ಜಿ ತಿರಸ್ಕಾರವಾಯಿತು. ಯಾಕೆ ಎಂದು ಕೇಳಲು ಚಾಟ್‌ಗೆ ಬಂದೆ. ಈಗ ಆ ಚಾಟ್ ಪೂರ್ತಿ ಹೇಳುತ್ತೇನೆ. ನಿಮ್ಮ ಬಳಿ ದಾಖಲೆ ಇರಬಹುದು, ಯಾರೂ ಓದಿರಲಾರರು ಎಂಬ ನಂಬಿಕೆಯಿಂದ ಹೇಳುತ್ತಿದ್ದೇನೆ.

ಮೊದಲು ಬಾಟ್ ಬಂತು. ನನ್ನ ಸಮಸ್ಯೆ ಏನೆಂದು ಆರಿಸಲು ಹೇಳಿತು: ಪಾವತಿ ಆಗಿಲ್ಲ, ವಸ್ತು ಬಂದಿಲ್ಲ, ಬೇರೆ. ನನ್ನ ಪಾವತಿ ಆಗಿದೆ, ವಸ್ತುವೂ ಬಂದಿದೆ, ತೊಂದರೆ ಇರುವುದೇ ಅಲ್ಲಿ. 'ಬೇರೆ' ಒತ್ತಿದೆ. ಜೆಮ್ಸ್ ಕೊಳ್ಳುವುದು ಹೇಗೆ ಎಂಬ ಲೇಖನದ ಲಿಂಕ್ ಕಳಿಸಿತು. 'ಇದರಿಂದ ಸಹಾಯವಾಯಿತೇ?' ಎಂದು ಕೇಳಿತು. ಇಲ್ಲ ಅಂದೆ. ಅದೇ ಲೇಖನ ಮತ್ತೆ ಬಂತು.

ಬಹಳ ಹೊತ್ತಾದ ಮೇಲೆ ಮನುಷ್ಯರೊಬ್ಬರು ಸಿಕ್ಕರು. 'ನಮಸ್ಕಾರ ವೀರ ಸಾಹಸಿಗರೇ!' ಎಂದರು. ನಾನು ನಡೆದದ್ದೆಲ್ಲ ಬರೆದೆ, ಸ್ಕ್ರೀನ್‌ಶಾಟ್ ಸಮೇತ. ಉತ್ತರವಾಗಿ ಬಂದ ಪ್ರಶ್ನೆ ಇದು: 'ಈ ಖರೀದಿಗೆ ನಿಮ್ಮ ತಂದೆ ತಾಯಿಯ ಒಪ್ಪಿಗೆ ಇತ್ತೇ?'

ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ. ಅದನ್ನೇ ಬರೆದೆ. 'ಹಾಗಾದರೆ ಖರೀದಿ ಮಾಡಿದ್ದು ನಿಮ್ಮ ಮಗಳೇ?' ಎಂದರು. ಅಲ್ಲ, ನಾನೇ, ನನ್ನ ಕಾರ್ಡ್, ನನ್ನ ಖಾತೆ, ನನ್ನ ಆಟ ಎಂದೆ. 'ಅರ್ಥವಾಯಿತು. ದಯವಿಟ್ಟು ಖಾತೆದಾರರನ್ನು ಚಾಟ್‌ಗೆ ಕರೆಯುತ್ತೀರಾ?' ಎಂದರು. ಖಾತೆದಾರರು ಚಾಟ್‌ನಲ್ಲೇ ಇದ್ದಾರೆ, ಈಗ ಬರೆಯುತ್ತಿರುವುದೂ ಅವರೇ ಎಂದು ಬರೆದೆ. 'ಖಾತೆದಾರರಿಗೆ ಸ್ವಾಗತ!' ಎಂದು ಒಂದು ನಗುಮುಖ ಕಳಿಸಿದರು. ಮಗಳು ಹಿಂದೆ ನಿಂತು ಓದುತ್ತಿದ್ದಳು. ಅವಳಂತೂ ನಕ್ಕಳು.

ಆಮೇಲೆ ವಿಷಯಕ್ಕೆ ಬಂದರು. 'ದಾಖಲೆಯ ಪ್ರಕಾರ ನೀವು ಈ ವಸ್ತುವನ್ನು ಬಳಸಿದ್ದೀರಿ.' ಇಲ್ಲ ಅಂದೆ. 'ಕೊಂಡ ಕೂಡಲೇ ನಿಮ್ಮ ಪಾತ್ರ ಅದನ್ನು ಧರಿಸಿದೆ.' ಧರಿಸಿದೆ ಸರಿ, ತೊಡಿಸಿದ್ದು ಯಾರು? ಕೊಂಡೆ ಎಂಬ ಗುಂಡಿ ಒತ್ತಿದ ಕ್ಷಣ ನಿಮ್ಮ ಆಟವೇ ಅದನ್ನು ನನ್ನ ಪಾತ್ರಕ್ಕೆ ತೊಡಿಸಿ, ಪಟಾಕಿ ಹೊಡೆದು, ಮ್ಯಾಚ್‌ಗೆ ಮೊದಲು ಎಲ್ಲರೂ ಸೇರುವ ಲಾಬಿಗೆ ತಂದು ನಿಲ್ಲಿಸಿತು. ಬೇಡ ಎನ್ನಲು ಗುಂಡಿ ಇಲ್ಲ. ನಾನು ತಕ್ಷಣ ತೆಗೆದೆ. ಇದನ್ನು ಹೇಳಿದಾಗ ಬಂದ ಉತ್ತರ: 'ಲಾಬಿಯಲ್ಲಿ ನಿಲ್ಲುವುದೂ ಬಳಕೆಯೇ.'

ಹಾಗಾದರೆ ನಿಮ್ಮ ಆಟದಲ್ಲಿ ಬಳಸದ ಸ್ಕಿನ್ ಎಂದರೆ ಯಾವುದು? ಕೊಳ್ಳದೇ ಇರುವುದು ಮಾತ್ರ ಅಲ್ವಾ? ಈ ಪ್ರಶ್ನೆಯನ್ನು ಅಲ್ಲೇ ಕೇಳಿದೆ. ಅದಕ್ಕೆ ಅವರು ಅಂದದ್ದು: 'ಇದು ಬರೀ ಅಲಂಕಾರದ ವಸ್ತು. ಆಟದ ಮೇಲೆ ಇದರ ಪರಿಣಾಮ ಇಲ್ಲ. ಇದನ್ನು ಕೊಳ್ಳಲೇಬೇಕೆಂದು ಯಾರೂ ಒತ್ತಾಯ ಮಾಡಿಲ್ಲ.' ಮಾರುವಾಗ ಅದು 'ಯುದ್ಧಭೂಮಿಯೇ ತಲೆಬಾಗುವ ದಂತಕಥೆ'. ದೂರು ಕೊಟ್ಟಾಗ ಬರೀ ಬಟ್ಟೆ. ಕೊನೆಗೆ ಅವರ ಕಡೆಯಿಂದ ನನಗೊಂದು ಕೂಪನ್ ಸಿಕ್ಕಿತು. ಅದೇ ಬಂಡಲ್ ಮೇಲೆ ರಿಯಾಯಿತಿ. ನನ್ನಲ್ಲಿ ಆಗಲೇ ಇರುವ ಸ್ಕಿನ್ ಇರುವ ಅದೇ ಬಂಡಲ್. ಐದು ನಕ್ಷತ್ರ ಕೊಡಿ ಎಂಬ ಕೋರಿಕೆಯೂ ಜೊತೆಗೆ ಬಂತು.

ಸ್ಕಿನ್‌ಗೆ ದುಡ್ಡು ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆಟ ಉಚಿತ. ಸರ್ವರ್ ಸುಮ್ನೆ ಓಡುವುದಿಲ್ಲ, ಚಿತ್ರ ಬರೆಯುವವರಿಗೂ ಸಂಬಳ ಬೇಕು. ಗೆಲ್ಲುವ ಬಲವನ್ನು ಮಾರದೆ ಬಟ್ಟೆಯನ್ನಷ್ಟೇ ಮಾರುವುದು ಇರುವುದರಲ್ಲಿ ಒಳ್ಳೆಯ ದಾರಿ ಎಂದು ನಾನು ಗಿಲ್ಡ್‌ನಲ್ಲಿ ನಿಮ್ಮ ಪರವಾಗಿ ವಾದ ಮಾಡಿದ್ದೂ ಇದೆ. ಬೆಲೆ ಜಾಸ್ತಿ ಅಂತಲೂ ಅಲ್ಲ. ಜಾಸ್ತಿ ಅನ್ನಿಸಿದರೆ ಬಿಡಬಹುದು. ಜಾಸ್ತಿಯೋ ಕಡಿಮೆಯೋ ಅಂತ ತಿಳಿಯಲು ಮೊದಲು ಬೆಲೆ ಕಾಣಬೇಕಲ್ಲ? ನನ್ನ ದೂರು ಅದು.

1,400 ಜೆಮ್ಸ್ ಅಂದರೆ ಎಷ್ಟು ದುಡ್ಡು? ನಿಮ್ಮ ಅಂಗಡಿಯಲ್ಲಿ ಎಲ್ಲೂ ಬರೆದಿಲ್ಲ. ಜೆಮ್ಸ್ ಸಿಗುವುದು 500, 1,000, 2,200ರ ಪ್ಯಾಕ್‌ಗಳಲ್ಲಿ. ಪ್ರತಿ ಪ್ಯಾಕ್‌ನಲ್ಲೂ ಒಂದು ಜೆಮ್‌ನ ಬೆಲೆ ಬೇರೆ. 1,400 ಬೇಕಾದವರು 1,500 ಕೊಳ್ಳಬೇಕು. ಉಳಿದ 100ಕ್ಕೆ ಅಂಗಡಿಯಲ್ಲಿ ಏನೂ ಬರುವುದಿಲ್ಲ, ಏಕೆಂದರೆ ಅತಿ ಅಗ್ಗದ ವಸ್ತುವಿಗೇ 150. ಇದು ಆಕಸ್ಮಿಕ ಎಂದು ದಯವಿಟ್ಟು ಹೇಳಬೇಡಿ. ಆ 50ನ್ನು ತುಂಬಿಸಲು ಮತ್ತೆ ಟಾಪ್ ಅಪ್ ಮಾಡಲಿ ಅಂತ ಯಾರೋ ಕೂತು ಹಾಕಿದ ಲೆಕ್ಕ ಅದು.

ಕಂಪ್ಯೂಟರ್‌ನಲ್ಲಿರುವ ಬಟ್ಟೆ ಮುಗಿದುಹೋಗಲು ಅದೇನು ಥಾನಿನಲ್ಲಿ ಬರುತ್ತದೆಯೇ? ಹತ್ತು ಜನಕ್ಕೆ ಕೊಟ್ಟರೂ ಅಷ್ಟೇ, ಹತ್ತು ಲಕ್ಷ ಜನಕ್ಕೆ ಕೊಟ್ಟರೂ ಅಷ್ಟೇ. 'ಕೊನೆಯ ಅವಕಾಶ' ಎಂಬುದು ನಿಮ್ಮ ಮಾತಷ್ಟೇ, ಆ ಮಾತಿಗೇ ನಾನು ದುಡ್ಡು ಕೊಟ್ಟದ್ದು. ಅದನ್ನು ಒಂದು ವಾರವೂ ಉಳಿಸಿಕೊಳ್ಳಲಿಲ್ಲ.

ನಿಮಗೆ ನಿಮ್ಮ ಉದ್ಯಮದ ಚರಿತ್ರೆ ಹೇಳಿಕೊಡುವ ಅಗತ್ಯ ಇರಬಾರದು. ಆದರೂ ಹೇಳುತ್ತೇನೆ. 2006ರಲ್ಲಿ ಬೆಥೆಸ್ಡಾ ಎಂಬ ಆಟದ ಕಂಪನಿ ತನ್ನ ಓಬ್ಲಿವಿಯನ್ ಆಟದ ಕುದುರೆಗೆ ಕವಚ ಮಾರಿ ಎಲ್ಲರ ನಗೆಗೆ ಗುರಿಯಾಯಿತಲ್ಲ, ಮೈಕ್ರೋಸಾಫ್ಟ್‌ನ ಆಟದ ಯಂತ್ರವಾದ ಎಕ್ಸ್‌ಬಾಕ್ಸ್‌ನಲ್ಲಿ ಅದರ ಬೆಲೆ 200 ಪಾಯಿಂಟ್ ಇತ್ತು. 80 ಪಾಯಿಂಟ್‌ಗೆ ಒಂದು ಡಾಲರ್, ಅಂದರೆ ಎರಡೂವರೆ ಡಾಲರ್. ಆಗಲೂ ಭಾಗಾಕಾರ ಮಾಡಿಯೇ ಬೆಲೆ ತಿಳಿಯಬೇಕಿತ್ತು. 2013ರಲ್ಲಿ ಮೈಕ್ರೋಸಾಫ್ಟ್ ಆ ಪಾಯಿಂಟ್‌ಗಳನ್ನು ಕೈಬಿಟ್ಟು ಅವರವರ ದೇಶದ ದುಡ್ಡಿನಲ್ಲೇ ಬೆಲೆ ತೋರಿಸಲು ಶುರು ಮಾಡಿತು. ಅಂಗಡಿ ಮುಳುಗಲಿಲ್ಲ. 2025ರ ಮಾರ್ಚ್‌ನಲ್ಲಿ ಯುರೋಪಿನ ಗ್ರಾಹಕ ರಕ್ಷಣಾ ಸಂಸ್ಥೆಗಳ ಜಾಲ ಆಟದೊಳಗಿನ ನಾಣ್ಯಗಳ ಬಗ್ಗೆ ಹೇಳಿದ್ದೂ ಇದನ್ನೇ: ಬೆಲೆಯನ್ನು ನಿಜವಾದ ದುಡ್ಡಿನಲ್ಲೂ ಸ್ಪಷ್ಟವಾಗಿ ತೋರಿಸಿ, ಬೇಡದಷ್ಟು ನಾಣ್ಯ ಕೊಳ್ಳುವಂತೆ ಮಾಡಬೇಡಿ.

ಇನ್ನೊಂದು ನೆನಪು ಮಾಡುತ್ತೇನೆ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರು ಹಾಕಿತ್ತು. ಗೊತ್ತಿಲ್ಲದೆ ಒಂದು ಗುಂಡಿ ಒತ್ತಿದರೂ ದುಡ್ಡು ಹೋಗುವಂತೆ ಮಾಡಿದ್ದಾರೆ ಎಂಬುದು ಒಂದು ಆರೋಪ. ಒಪ್ಪಿಗೆಯಿಲ್ಲದೆ ಹೋದ ದುಡ್ಡಿನ ಬಗ್ಗೆ ಕಾರ್ಡ್ ಕಂಪನಿಗೆ ದೂರು ಕೊಟ್ಟವರ ಖಾತೆಗೇ ಬೀಗ ಹಾಕಿದರು ಎಂಬುದು ಇನ್ನೊಂದು. 2022ರ ಡಿಸೆಂಬರ್‌ನಲ್ಲಿ ಆಟಗಾರರಿಗೆ ಹಿಂತಿರುಗಿಸಲು 24.5 ಕೋಟಿ ಡಾಲರ್ ಕೊಡಲು ಎಪಿಕ್ ಒಪ್ಪಿತು. 'ಕಾರ್ಡ್ ಕಂಪನಿಗೆ ತಕರಾರು ಮಾಡಿದರೆ ಖಾತೆ ಮುಚ್ಚಲಾಗುವುದು' ಎಂಬ ಸಾಲು ನಿಮ್ಮ ನಿಯಮಗಳಲ್ಲೂ ಇದೆ. ಬರೆದವರಿಗೆ ಒಮ್ಮೆ ಇದನ್ನು ಓದಲು ಹೇಳಿ.

ನನಗೆ ಬೇಕಾದದ್ದು ಕಷ್ಟದ್ದೇನಲ್ಲ. ಸ್ಕಿನ್ ವಾಪಸ್ ತೆಗೆದುಕೊಳ್ಳಿ. ಆ ಎರಡು ಪ್ಯಾಕ್‌ಗೆ ನಾನು ಕೊಟ್ಟ ದುಡ್ಡನ್ನು ಪೂರ್ತಿಯಾಗಿ ಕಾರ್ಡ್‌ಗೆ ಹಾಕಿ. ಜೆಮ್ಸ್ ರೂಪದಲ್ಲಿ ಅಲ್ಲ. ಜೆಮ್ಸ್ ಕೊಟ್ಟು ಸಮಾಧಾನ ಮಾಡಿದರೆ ಆ ಮೊತ್ತಕ್ಕೂ 50 ಕಡಿಮೆ ಬೀಳುವಂಥ ವಸ್ತುವನ್ನು ನೀವು ಅಂಗಡಿಯಲ್ಲಿ ಇಟ್ಟಿರುತ್ತೀರಿ ಎಂಬ ಭರವಸೆ ನನಗಿದೆ.

ಒಂದು ವಾರ ಕಾಯುತ್ತೇನೆ. ಆಮೇಲೆ ಕಾರ್ಡ್ ಕಂಪನಿಗೆ ತಕರಾರು ಹೋಗುತ್ತದೆ. ಗ್ರಾಹಕರ ದೂರು ಕೇಳುವ ಸರ್ಕಾರಿ ಕಚೇರಿಗೂ, ನಿಮ್ಮ ಆಟ ಇರುವ ಆ್ಯಪ್ ಸ್ಟೋರ್‌ಗೂ ಗಡಿಯಾರದ ಚಿತ್ರ, ಬಂಡಲ್‌ನ ಚಿತ್ರ, ಪೂರ್ತಿ ಚಾಟ್ ಹೋಗುತ್ತದೆ. ಖಾತೆ ಮುಚ್ಚುತ್ತೀರಾ? ಮುಚ್ಚಿ. ಮುಚ್ಚಿದ ದಿನಾಂಕವನ್ನೂ ಅದೇ ದೂರಿಗೆ ಸೇರಿಸುತ್ತೇನೆ.

ದುಡ್ಡು ವಾಪಸ್ ಬಂದರೆ ಸುಮ್ಮನಾಗುತ್ತಾರೆ ಅಂದುಕೊಂಡಿದ್ದರೆ ಅದೂ ಇಲ್ಲ. ಆ ಚಾಟ್ ಅನ್ನು ಮೊದಲ ಸಾಲಿನಿಂದ ಕೊನೆಯ ನಕ್ಷತ್ರದವರೆಗೆ ಓದಿ ವಿಡಿಯೊ ಮಾಡುತ್ತೇನೆ. ಧ್ವನಿ ಕೊಡಲು ಮಗಳು ಒಪ್ಪಿದ್ದಾಳೆ, ನಿಮ್ಮ ಪಾತ್ರ ಅವಳದೇ. ಮುಂದಿನ ಈವೆಂಟ್‌ನಲ್ಲಿ ಏನನ್ನೂ ಕೊಳ್ಳುವುದು ಬೇಡ ಎಂದು ನಮ್ಮ ಗಿಲ್ಡ್‌ನವರು ಆಗಲೇ ಮಾತಾಡಿಕೊಂಡಿದ್ದಾರೆ. ಬೇರೆ ಗಿಲ್ಡ್‌ಗಳಿಗೂ ಹೇಳುವ ಕೆಲಸ ನನ್ನದು, ನನಗೆ ಪುರುಸೊತ್ತು ಬೇಕಾದಷ್ಟಿದೆ. ಈ ಪತ್ರಕ್ಕೆ ಬಾಟ್‌ನಿಂದ ಉತ್ತರ ಬಂದರೆ ಅದನ್ನೂ ವಿಡಿಯೊದಲ್ಲಿ ಓದುತ್ತೇವೆ.

ಇಂತಿ,
ನಿಮ್ಮ 'ವೀರ ಸಾಹಸಿ'
(ಖಾತೆದಾರರು, ವಯಸ್ಕರು, ತಂದೆ ತಾಯಿಯ ಒಪ್ಪಿಗೆ ಪಡೆದಿಲ್ಲ)

ಲಗತ್ತು: ಸ್ಕ್ರೀನ್‌ಶಾಟ್‌ಗಳು, ಪಾವತಿಯ ರಸೀದಿಗಳು, ಬಳಸದ ಕೂಪನ್